ಕೀಲಿ ಮತ್ತು ಕೀಲಿಕೈ

ನಾಲ್ಕನೆಯ ಇಯತ್ತೆಯವರೆಗೆ ನಾನು ಕನ್ನಡ ಶಾಲೆಯಲ್ಲಿ ಕಲಿತೆ. ಐದನೆಯದಕ್ಕೆ ಮರಾಠಿ ಶಾಲೆಯನ್ನು ಸೇರಿದೆ. ಸೇರಿದ ಮೊದಲ ವಾರದಲ್ಲಿಯೇ ಗುರೂಜಿಯವರು ನನ್ನನ್ನು ಕರೆದು, ಕಚೇರಿಯ ಮೇಜಿನ ಮೇಲಿರುವ ‘ಕಿಲ್ಲಿ’ಯನ್ನು ತರಲು ಹೇಳಿದರು. ಮೇಜಿನ ಮೇಲೆ ಒಂದು ಬೀಗವೂ ಅದರ ಪಕ್ಕದಲ್ಲಿ ಒಂದು ಕೀಲಿಕೈಯೂ ಇದ್ದವು. ನಮ್ಮ ಮನೆಯ ಕನ್ನಡದಲ್ಲಿ ಕೀಲಿ ಎಂದರೆ ಬೀಗ. ಅದನ್ನು ತೆರೆಯುವುದು ಕೀಲಿಕೈ. ಮರಾಠಿಯಲ್ಲಿ ಬೀಗಕ್ಕೆ ಕುಲೂಪ ಎನ್ನುತ್ತಾರೆ. ಕಿಲ್ಲಿ ಎಂದರೆ ಅದನ್ನು ತೆರೆಯುವ ಸಾಧನ. ನಾನು ಬೀಗವನ್ನೇ ಎತ್ತಿಕೊಂಡು ಹೋಗಿ ಗುರೂಜಿಯವರ ಕೈಗಿತ್ತೆ. ವರ್ಗವೆಲ್ಲ ನಕ್ಕಿತು. ಒಂದೇ ಬಗೆಯ ದನಿಯುಳ್ಳ ಮಾತು ಒಂದು ಭಾಷೆಯಲ್ಲಿ ಮುಚ್ಚುವುದಕ್ಕೂ ಇನ್ನೊಂದರಲ್ಲಿ ತೆರೆಯುವುದಕ್ಕೂ ಸಲ್ಲುತ್ತದೆಯೆಂಬುದನ್ನು ನಾನು ಅಂದು ನಾಚಿಕೆಯಿಂದ ಕಲಿತೆ. ನಾಲ್ಕು ದಶಕಗಳು ಕಳೆದ ಮೇಲೆ ಅದೇ ಪಾಠವನ್ನು ಇನ್ನೊಮ್ಮೆ, ಇದಕ್ಕಿಂತ ಹೆಚ್ಚಿನ ನಾಚಿಕೆಯಿಂದ ಕಲಿಯಬೇಕಾಯಿತು. ಆ ಸಂಗತಿಯನ್ನು ನಮ್ಮ ಐಚ್ಛಿಕ ಕನ್ನಡದ ವಿದ್ಯಾರ್ಥಿಗಳ ಮುಂದಿಡುವುದು ಈ ಬರಹದ ಉದ್ದೇಶ.

ನಮ್ಮ ಕಾಲೇಜಿನ ಜಾಲತಾಣದ ಬಹುಭಾಗ ಮರಾಠಿ ಮತ್ತು ಇಂಗ್ಲಿಷಿನಲ್ಲಿದೆ. ಕನ್ನಡ ವಿಭಾಗಕ್ಕೆ ಅದರಲ್ಲೊಂದು ಮೂಲೆ ಉಂಟು. ಆ ತಾಣವನ್ನು ನೋಡಿಕೊಳ್ಳುವ ಕಚೇರಿಯ ಸಹಾಯಕರು ತಮ್ಮ ಕೆಲಸದಲ್ಲಿ ನಿಪುಣರು. ಆದರೆ ಅವರಿಗೆ ಕನ್ನಡ ಓದಲು ಬಾರದು. ನನಗೆ ಕನ್ನಡ ಬರುತ್ತದೆ, ಗಣಕಯಂತ್ರದ ಒಳಹೊರಗು ತಿಳಿಯದು. ಗಡಿಯ ಕಾಲೇಜುಗಳಲ್ಲಿ ಇದು ಸಾಮಾನ್ಯ ಸ್ಥಿತಿ: ಯಂತ್ರವನ್ನು ಬಲ್ಲವನು ಅಕ್ಷರವನ್ನು ಅರಿಯ, ಅಕ್ಷರವನ್ನು ಬಲ್ಲವನು ಯಂತ್ರವನ್ನು ಅರಿಯ. ಪರಿಣಾಮವಾಗಿ ನಮ್ಮ ಪುಟದಲ್ಲಿ ನಿವೃತ್ತರಾದ ಸಹೋದ್ಯೋಗಿಯ ಭಾವಚಿತ್ರ ಎರಡು ವರ್ಷ ಹಾಗೆಯೇ ಉಳಿದಿತ್ತು. ಒಮ್ಮೆ ನಾನು ಹಳೆಯ ನುಡಿ ಅಕ್ಷರಶೈಲಿಯಲ್ಲಿ ಬೆರಳಚ್ಚು ಮಾಡಿ ಕೊಟ್ಟ ಪ್ರಕಟಣೆ ತಾಣದಲ್ಲಿ ಇಂಗ್ಲಿಷ್ ಅಕ್ಷರಗಳ ಅರ್ಥಹೀನ ಸಾಲುಗಳಾಗಿ ಮೂಡಿತು. ಆ ಹಳೆಯ ಅಕ್ಷರಶೈಲಿಗಳು ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ಚಿತ್ರಗಳನ್ನು ಕೂರಿಸಿದ್ದುವೇ ಹೊರತು, ಯುನಿಕೋಡಿನಂತೆ ಕನ್ನಡಕ್ಕೆಂದೇ ಮೀಸಲಾದ ಸ್ಥಾನಗಳನ್ನು ಬಳಸುತ್ತಿರಲಿಲ್ಲ. ಸಹಾಯಕರಿಗೆ ಕನ್ನಡವೂ ಅಷ್ಟೇ ಅಪರಿಚಿತವಾಗಿದ್ದುದರಿಂದ ಆ ದೋಷ ಅವರ ಕಣ್ಣಿಗೆ ಬೀಳಲಿಲ್ಲ. ಮೂರು ವಾರಗಳ ತರುವಾಯ ನಾನೇ ಕಂಡೆ.

ಪದೇ ಪದೇ ಕೇಳಿಕೊಂಡ ಮೇಲೆ ಕಚೇರಿಯು ನಮಗೆ ‘ವಿಭಾಗ’ ಎಂಬ ಹೆಸರಿನಲ್ಲಿ ಒಂದು ಖಾತೆಯನ್ನೂ ಅದರ ಪಾಸ್‌ವರ್ಡನ್ನೂ ಕೊಟ್ಟಿತು. ನಾನು ಆ ಪಾಸ್‌ವರ್ಡನ್ನು ಚೀಟಿಯೊಂದರಲ್ಲಿ ಬರೆದು ವಿಭಾಗದ ಕಪಾಟಿನ ಬಾಗಿಲ ಒಳಬದಿಗೆ ಅಂಟಿಸಿದೆ. ಮೂವರು ವಿದ್ಯಾರ್ಥಿಗಳನ್ನು ಕರೆದು, ‘ಇನ್ನು ಈ ಪುಟ ನಿಮ್ಮದು’ ಎಂದೆ. ಅವರ ಉತ್ಸಾಹ ಹೇಳತೀರದು. ತಮ್ಮ ಹಳ್ಳಿಗಳ ಬೀಸುವ ಪದಗಳನ್ನು ಬರೆದುಕೊಂಡು ಬಂದರು. ಕಾರ್ಯಕ್ರಮದ ವರದಿಗಳನ್ನು ಅಂದಿನ ದಿನವೇ ಏರಿಸಿದರು. ಮಕ್ಕಳನ್ನು ನಂಬಿ ಬಾಗಿಲು ತೆರೆದಿಟ್ಟೆನೆಂಬ ಹೆಮ್ಮೆ ನನಗಿತ್ತು.

ಆ ವರ್ಷ ಪರೀಕ್ಷಾ ಅರ್ಜಿಯ ಕೊನೆಯ ದಿನದ ಪ್ರಕಟಣೆಯನ್ನು ನಮ್ಮ ಪುಟದಲ್ಲಿ ಹಾಕಿದ್ದೆವು. ಕೊನೆಯ ದಿನ ತಿಂಗಳ 12. ಪುಟದಲ್ಲಿ 21 ಎಂದಿತ್ತು. ಹಳ್ಳಿಯಿಂದ ಬಂದುಹೋಗುವ ಇಬ್ಬರು ವಿದ್ಯಾರ್ಥಿಗಳು ಅದನ್ನೇ ನಂಬಿ 15ರಂದು ಬಂದರು. ಅವರು ವಿಳಂಬ ಶುಲ್ಕ ತೆರಬೇಕಾಯಿತು. ಒಬ್ಬನ ತಂದೆ ಆ ಹಣವನ್ನು ಕೈಗಡ ತಂದು ಕೊಟ್ಟರೆಂದು ಆಮೇಲೆ ತಿಳಿಯಿತು. ನನಗೆ ಸಿಟ್ಟು ಬಂದಿತು. ಆ ವಾರ ಪುಟದಲ್ಲಿ ಹೆಚ್ಚು ಕೆಲಸ ಮಾಡಿದವಳು ತೃತೀಯ ವರ್ಷದ ಒಬ್ಬ ವಿದ್ಯಾರ್ಥಿನಿ. ಅವಳನ್ನು ಕರೆಸಿ, ಉಳಿದವರ ಎದುರಿನಲ್ಲಿಯೇ, ‘ಈ ತಾರೀಖು ನೀನ ಬದಲಿ ಮಾಡಿದಿ ಏನವಾ?’ ಎಂದು ಕೇಳಿದೆ. ‘ಇಲ್ರಿ ಸರ್’ ಎಂದಳು. ನಾನು ನಂಬಲಿಲ್ಲವೆಂಬುದು ನನ್ನ ಮುಖದಲ್ಲಿ ಕಂಡಿರಬೇಕು. ಮರುದಿನದಿಂದ ಅವಳು ತರಗತಿಗೆ ಬರುತ್ತಿದ್ದಳು, ವಿಭಾಗದ ಕೋಣೆಗೆ ಮಾತ್ರ ಬರಲಿಲ್ಲ.

ಹತ್ತು ದಿನಗಳ ಬಳಿಕ ಬೇರೊಂದು ಕೆಲಸಕ್ಕೆ ಕಚೇರಿಗೆ ಹೋದಾಗ ಆ ಸಹಾಯಕರು, ತಾಣವು ಪ್ರತಿಯೊಂದು ಬರಹದ ಹಳೆಯ ಆವೃತ್ತಿಗಳನ್ನೂ ಉಳಿಸಿಕೊಂಡಿರುತ್ತದೆಯೆಂದು ಹೇಳಿ, ನಮ್ಮ ಪ್ರಕಟಣೆಯ ಇತಿಹಾಸವನ್ನು ತೆರೆದು ತೋರಿಸಿದರು. ಮೂರು ಆವೃತ್ತಿಗಳಿದ್ದವು. ಮೊದಲನೆಯದರಲ್ಲಿ 21; ಅದು ನಾನೇ ಅಂದಾಜಿನಿಂದ ಬರೆದುಕೊಟ್ಟ ಕರಡು. ಎರಡನೆಯದರಲ್ಲಿ ಯಾರೋ ಅದನ್ನು 12 ಎಂದು ತಿದ್ದಿದ್ದರು. ಮೂರನೆಯದರಲ್ಲಿ ಮತ್ತೆ 21. ಮೂರರ ಮುಂದೆಯೂ ಒಂದೇ ಹೆಸರು: ‘ವಿಭಾಗ’. ಮೂರನೆಯದರ ವೇಳೆ ಮಾತ್ರ ರವಿವಾರ ರಾತ್ರಿ ಹತ್ತು ಗಂಟೆಯ ಮೇಲೆ. ಆ ರಾತ್ರಿ ಮನೆಯಲ್ಲಿ ಕುಳಿತು, ಪ್ರಕಟಣೆಯಲ್ಲಿ ಬಿಟ್ಟುಹೋಗಿದ್ದ ಒಂದು ಒತ್ತಕ್ಷರವನ್ನು ಸರಿಪಡಿಸಲೆಂದು ನನ್ನಲ್ಲಿದ್ದ ಕಡತವನ್ನು ತಿದ್ದಿ, ಇಡೀ ಬರಹವನ್ನು ಮೇಲೆ ಅಂಟಿಸಿದವನು ನಾನು. ನನ್ನಲ್ಲಿದ್ದುದು ಹಳೆಯ ಕರಡು. ಒತ್ತಕ್ಷರ ಸರಿಹೋಯಿತು, ತಾರೀಖು ಕೆಟ್ಟಿತು.

ಎರಡನೆಯ ಆವೃತ್ತಿಯನ್ನು ತಿದ್ದಿದವಳು ಅವಳೇ. ಕಚೇರಿಯ ಫಲಕವನ್ನು ನೋಡಿ ಬಂದು ತಾನಾಗಿಯೇ ಸರಿಪಡಿಸಿದ್ದಳು. ತಪ್ಪನ್ನು ತಿದ್ದಿದವಳ ಮೇಲೆ ತಪ್ಪನ್ನು ಮಾಡಿದವನು ಆಪಾದನೆ ಹೊರಿಸಿದ್ದನು. ಉಳಿದವರ ಎದುರಿನಲ್ಲಿ ಕೇಳಿದ್ದೆನಾದ್ದರಿಂದ ಅವರ ಎದುರಿನಲ್ಲಿಯೇ ಕ್ಷಮೆ ಬೇಡಿದೆ. ಆ ಇಬ್ಬರ ವಿಳಂಬ ಶುಲ್ಕವನ್ನು ನಾನು ಭರಿಸಿದೆ. ‘ಅಂದು ನೀನೇ ತಿದ್ದಿದ್ದೆಯೆಂದು ಏಕೆ ಹೇಳಲಿಲ್ಲ?’ ಎಂದು ಕೇಳಿದಾಗ ಅವಳು ಹೇಳಿದ ಮಾತು ಇಂದಿಗೂ ನನ್ನನ್ನು ಚುಚ್ಚುತ್ತದೆ: ‘ಹೇಳಿದ್ರೂ, ತೋರಸ್ಲಿಕ್ಕೆ ನನ್ನ ಹತ್ರ ಏನೂ ಇರಲಿಲ್ಲಲ್ರಿ ಸರ್.’

ನಾನು ನಂಬಿಕೆಯೆಂದು ತಿಳಿದಿದ್ದುದು ನಂಬಿಕೆಯಾಗಿರಲಿಲ್ಲ. ಎಲ್ಲರಿಗೂ ಒಂದೇ ಕೀಲಿಕೈಯನ್ನು ಕೊಟ್ಟಾಗ ತಪ್ಪು ಮಾಡಿದವನಿಗೆ ಮರೆ ಸಿಕ್ಕಿತು; ತಪ್ಪು ಮಾಡದವಳಿಗೆ ನೆರಳೇ ಇಲ್ಲದಾಯಿತು. ಕಪಾಟಿನ ಚೀಟಿಯನ್ನು ಕಿತ್ತೆಸೆಯುವಾಗ ಇನ್ನೊಂದು ಸಂಗತಿ ಹೊಳೆಯಿತು. ಹಿಂದಿನ ವರ್ಷ ಪದವಿ ಮುಗಿಸಿ ಹೋದವರಿಗೂ ಆ ಪಾಸ್‌ವರ್ಡ್ ಗೊತ್ತಿತ್ತು; ಅವರು ಅದನ್ನು ಮೊಬೈಲಿನಲ್ಲಿ ಯಾರಿಗೆ ಕಳಿಸಿದ್ದರೋ ಅವರಿಗೂ ಗೊತ್ತಿತ್ತು. ಬಾಗಿಲು ಎಷ್ಟು ಜನರಿಗೆ ತೆರೆದಿದೆಯೆಂಬ ಲೆಕ್ಕವೇ ನನ್ನಲ್ಲಿರಲಿಲ್ಲ.

ಆಮೇಲೆ ಸಹಾಯಕರೊಂದಿಗೆ ಕುಳಿತು ವ್ಯವಸ್ಥೆಯನ್ನು ಹೊಸದಾಗಿ ಕಟ್ಟಿದೆವು. ನಮ್ಮ ತಾಣ ವರ್ಡ್‌ಪ್ರೆಸ್ ಎಂಬ ತಂತ್ರಾಂಶದ ಮೇಲೆ ನಡೆಯುತ್ತದೆ. 2003ರಲ್ಲಿ ಆರಂಭವಾದ ಈ ಮುಕ್ತ ತಂತ್ರಾಂಶದಲ್ಲಿ ಅಧಿಕಾರದ ಐದು ಮೆಟ್ಟಿಲುಗಳು ಮೊದಲೇ ಸಿದ್ಧವಾಗಿವೆ. ಅಡ್ಮಿನಿಸ್ಟ್ರೇಟರ್ ಎಲ್ಲವನ್ನೂ ಮಾಡಬಲ್ಲ: ತಾಣದ ರೂಪವನ್ನು ಬದಲಿಸಬಲ್ಲ, ಹೊಸ ಪ್ಲಗಿನ್‌ಗಳನ್ನು ಸೇರಿಸಬಲ್ಲ, ಯಾರನ್ನಾದರೂ ಹೊರಹಾಕಬಲ್ಲ. ಎಡಿಟರ್ ಎಲ್ಲರ ಬರಹಗಳನ್ನು ತಿದ್ದಿ ಪ್ರಕಟಿಸಬಲ್ಲ. ಆಥರ್ ತನ್ನ ಬರಹವನ್ನು ಮಾತ್ರ ಪ್ರಕಟಿಸಬಲ್ಲ. ಕಂಟ್ರಿಬ್ಯೂಟರ್ ಬರೆಯಬಲ್ಲ, ತನ್ನ ಕರಡನ್ನು ತಿದ್ದಬಲ್ಲ. ಪ್ರಕಟಿಸಲಾರ, ಚಿತ್ರಗಳನ್ನು ಏರಿಸಲಾರ. ಸಬ್‌ಸ್ಕ್ರೈಬರ್ ಓದಬಲ್ಲ, ತನ್ನ ವಿವರಗಳನ್ನು ನೋಡಿಕೊಳ್ಳಬಲ್ಲ, ಅಷ್ಟೇ.

ಅಡ್ಮಿನಿಸ್ಟ್ರೇಟರ್ ಅಧಿಕಾರ ಕಚೇರಿಯಲ್ಲಿಯೇ ಉಳಿಯಿತು. ನಾನು ಅದನ್ನು ಬೇಡಲಿಲ್ಲ. ನಾನೂ ನನ್ನ ಸಹೋದ್ಯೋಗಿಯೊಬ್ಬರೂ ಎಡಿಟರ್‌ಗಳಾದೆವು. ಕನ್ನಡದ ಬರಹವನ್ನು ಒಪ್ಪುವವನು ಕನ್ನಡ ಓದುವವನೇ ಆಗಿರಬೇಕು. ಹಾಗೆಂದು ಅವನಿಗೆ ತಾಣದ ತಳಪಾಯವನ್ನು ಮುಟ್ಟುವ ಅಧಿಕಾರ ಬೇಕಿಲ್ಲ. ಗುಡಿಯ ಜಾತ್ರೆಯಲ್ಲಿ ನೀರಿನ ಟಾಕಿ ನೋಡಿಕೊಳ್ಳುವವನಿಗೆ ಟಾಕಿಯ ಕೀಲಿಕೈ ಕೊಡುತ್ತಾರೆ, ಹುಂಡಿಯದನ್ನಲ್ಲ. ಅದರಿಂದ ಅವನಿಗೆ ಅವಮಾನವಾಗದು. ಹುಂಡಿಯಲ್ಲಿ ಹಣ ಕಡಿಮೆಯಾದರೆ ಯಾರೂ ಅವನತ್ತ ಬೆರಳು ತೋರಿಸಲಾರರು. ಕೆಲಸಕ್ಕೆ ಬೇಕಾದಷ್ಟೇ ಅಧಿಕಾರವೆಂಬ ಈ ನಿಯಮವನ್ನು ಗಣಕ ವಿಜ್ಞಾನದಲ್ಲಿ ಜೆರೋಮ್ ಸಾಲ್ಟ್‌ಜರ್ ಮತ್ತು ಮೈಕೆಲ್ ಶ್ರೋಡರ್ ಎಂಬ ವಿದ್ವಾಂಸರು 1975ರ ತಮ್ಮ ಪ್ರಬಂಧದಲ್ಲಿ ಮಾಹಿತಿರಕ್ಷಣೆಯ ತತ್ತ್ವಗಳಲ್ಲಿ ಒಂದೆಂದು ಎಣಿಸಿದ್ದಾರೆ. ನಮ್ಮ ಜಾತ್ರೆಯ ಪಂಚರಿಗೆ ಅದು ಪ್ರಬಂಧ ಓದದೆಯೇ ತಿಳಿದಿತ್ತು.

ವಿದ್ಯಾರ್ಥಿಗಳು ಕಂಟ್ರಿಬ್ಯೂಟರ್‌ಗಳಾದರು, ಪ್ರತಿಯೊಬ್ಬರಿಗೂ ಅವರವರದೇ ಹೆಸರಿನ ಖಾತೆ. ಪಾಸ್‌ವರ್ಡನ್ನು ಅವರೇ ಆರಿಸಿಕೊಂಡರು; ನನಗೂ ಹೇಳಬಾರದೆಂದು ಕಟ್ಟಪ್ಪಣೆ ಮಾಡಿದೆ. ಎಡಿಟರ್‌ಗಳಿಗೆ ಪಾಸ್‌ವರ್ಡಿನ ಜೊತೆಗೆ ಮೊಬೈಲಿನಲ್ಲಿ ಬರುವ ಅಂಕಿಗಳನ್ನೂ ಕೇಳುವ ಎರಡನೆಯ ಹಂತದ ಪರಿಶೀಲನೆಯನ್ನು ಸಹಾಯಕರು ಒಂದು ಪ್ಲಗಿನ್ನಿನ ಮೂಲಕ ಅಳವಡಿಸಿದರು. ಬೇರೆಡೆಯಿಂದ ತಂದ ಬರಹವನ್ನು ಬರಿಯ ಪಠ್ಯವಾಗಿ ಅಂಟಿಸಬೇಕು, ಯುನಿಕೋಡಿನಲ್ಲಿಯೇ ಇರಬೇಕು, ತಾರೀಖುಳ್ಳ ಪ್ರಕಟಣೆಯನ್ನು ತಾಣದಲ್ಲಿರುವ ಪ್ರತಿಯಲ್ಲಿಯೇ ತಿದ್ದಬೇಕೇ ಹೊರತು ಮನೆಯ ಕಡತದಿಂದ ಇಡಿಯಾಗಿ ಅಂಟಿಸಬಾರದು ಎಂಬ ಮೂರು ನಿಯಮಗಳನ್ನು ಬರೆದಿಟ್ಟೆವು. ಮೂರನೆಯದು ನನಗಾಗಿಯೇ ಬರೆದದ್ದು.

ಈ ವ್ಯವಸ್ಥೆಯಲ್ಲಿ ತೊಡಕುಗಳಿಲ್ಲವೆಂದಲ್ಲ. ಒಬ್ಬರು ಬರೆದು ಇನ್ನೊಬ್ಬರು ಒಪ್ಪುವವರೆಗೆ ವೇಳೆ ಹಿಡಿಯುತ್ತದೆ. ಪ್ರಕಟವಾದ ಮೇಲೆ ತನ್ನ ಬರಹದ ಕಾಗುಣಿತವನ್ನೂ ಕಂಟ್ರಿಬ್ಯೂಟರ್ ತಿದ್ದಲಾರ, ನಮ್ಮನ್ನೇ ಕೇಳಬೇಕು. ಹೀಗಾಗಿ, ಬಂದ ಕರಡನ್ನು ಎರಡು ದಿನಗಳೊಳಗೆ ನೋಡಿ ಉತ್ತರಿಸುವುದು ನಮ್ಮ ಮೇಲಿನ ಋಣವೆಂದು ತಿಳಿದಿದ್ದೇವೆ. ಒಪ್ಪಿಗೆಯ ಅಧಿಕಾರವನ್ನು ಇಟ್ಟುಕೊಂಡು ಕರಡನ್ನು ಕೊಳೆಯಲು ಬಿಡುವವನು ಬಾಗಿಲಿಗೆ ಅಡ್ಡ ನಿಂತವನು.

ಗ್ರಂಥಸಂಪಾದನೆಯ ಪತ್ರಿಕೆಯನ್ನು ಓದುವ ನಿಮಗೆ ಇದು ಹೊಸ ವಿಷಯವೆನಿಸಬಾರದು. ಹಳೆಯ ಮಾತೃಕೆಯನ್ನು ಎದುರಿಗಿಟ್ಟುಕೊಂಡು, ಯಾರೋ ತಿದ್ದಿದ ಶುದ್ಧಪಾಠವನ್ನು ಅರಿಯದೆ, ತಪ್ಪನ್ನೇ ಮತ್ತೆ ಪ್ರತಿ ಮಾಡಿದ ಲಿಪಿಕಾರನೇ ನಾನು. ಓಲೆಗರಿಯ ಲಿಪಿಕಾರರಲ್ಲಿ ಅನೇಕರು ಕೊನೆಯಲ್ಲಿ ತಮ್ಮ ಹೆಸರು, ಪ್ರತಿ ಮಾಡಿದ ಕಾಲ, ತಪ್ಪಿಗೆ ಕ್ಷಮೆ ಇವಿಷ್ಟನ್ನು ಬರೆದಿಟ್ಟು ಹೋದರು. ಆ ಎರಡು ಸಾಲುಗಳಿಂದ ಇಂದಿನ ಸಂಪಾದಕನಿಗೆ ಆಗುವ ಉಪಕಾರವನ್ನು ತರಗತಿಯಲ್ಲಿ ನಾನೇ ಎಷ್ಟೋ ಬಾರಿ ವರ್ಣಿಸಿದ್ದೇನೆ. ವಚನಗಳ ಮಾತು ಬಂದಾಗ, ಅಂಕಿತವು ವಚನಕಾರರನ್ನು ಗುರುತಿಸುವ ಮುಖ್ಯ ಆಧಾರವೆಂದೂ ಹೇಳಿದ್ದೇನೆ. ನಮ್ಮ ಸೊನ್ನಲಿಗೆಯ ಸಿದ್ಧರಾಮನ ವಚನವನ್ನು ‘ಕಪಿಲಸಿದ್ಧ ಮಲ್ಲಿಕಾರ್ಜುನ’ ಎಂಬ ಅಂಕಿತದಿಂದ ಗುರುತಿಸುತ್ತೇವೆ. ಎಲ್ಲ ಶರಣರೂ ಒಂದೇ ಅಂಕಿತದಲ್ಲಿ ಬರೆದಿದ್ದರೆ ಯಾವ ಅನುಭವ ಯಾರದೆಂದು ಹೇಳುವುದು ಹೇಗೆ? ಇದನ್ನೆಲ್ಲ ಮೂವತ್ತು ವರ್ಷ ಪಾಠ ಹೇಳಿದವನು ತನ್ನ ವಿದ್ಯಾರ್ಥಿಗಳಿಗೆ ‘ವಿಭಾಗ’ ಎಂಬ ಒಂದೇ ಅಂಕಿತವನ್ನು ಕೊಟ್ಟಿದ್ದನು.

ಪದವಿ ಮುಗಿಸಿ ಹೊರಡುವವರ ಖಾತೆಯನ್ನು ಏನು ಮಾಡಬೇಕೆಂಬ ಪ್ರಶ್ನೆ ಕೊನೆಗೆ ಉಳಿಯಿತು. ಖಾತೆಯನ್ನು ಅಳಿಸಹೊರಟರೆ ತಂತ್ರಾಂಶ ಕೇಳುತ್ತದೆ: ಇವರ ಬರಹಗಳನ್ನೂ ಅಳಿಸಲೇ, ಇಲ್ಲವೇ ಇನ್ನೊಬ್ಬರ ಹೆಸರಿಗೆ ವರ್ಗಾಯಿಸಲೇ? ಎರಡೂ ನನಗೆ ಒಪ್ಪಿಗೆಯಾಗಲಿಲ್ಲ. ಸಹಾಯಕರು ಮೂರನೆಯ ದಾರಿ ತೋರಿಸಿದರು. ಖಾತೆಯನ್ನು ಅಳಿಸದೆ, ಸಬ್‌ಸ್ಕ್ರೈಬರ್ ಮೆಟ್ಟಿಲಿಗೆ ಇಳಿಸಿದರೆ ಬರೆಯುವ ಅಧಿಕಾರ ಹೋಗುತ್ತದೆ, ಬರೆದದ್ದರ ಮೇಲಿನ ಹೆಸರು ಉಳಿಯುತ್ತದೆ. ಈಗ ಪ್ರತಿವರ್ಷ ಪರೀಕ್ಷೆ ಮುಗಿದ ವಾರ ನಾನೂ ಸಹಾಯಕರೂ ಕುಳಿತು ಪಟ್ಟಿಯನ್ನು ನೋಡಿ ಈ ಕೆಲಸವನ್ನು ಮಾಡುತ್ತೇವೆ.

ಈ ವರ್ಷ ದ್ವಿತೀಯ ವರ್ಷದ ನಾಲ್ವರಿಗೆ ಖಾತೆ ತೆರೆಯುವುದಿದೆ. ಬರೆಯಲು ಮನಸ್ಸುಳ್ಳವರು ವಿಭಾಗಕ್ಕೆ ಬಂದು ಹೆಸರು ಕೊಡಬಹುದು. ಅದಕ್ಕೆ ಮುನ್ನ ನಮ್ಮ ಪುಟದಲ್ಲಿರುವ ಬೀಸುವ ಪದಗಳನ್ನು ಒಮ್ಮೆ ಓದಿರಿ. ಆ ವಿದ್ಯಾರ್ಥಿನಿ ತನ್ನ ಅಜ್ಜಿಯ ಬಾಯಿಂದ ಕೇಳಿ ಬರೆದುಕೊಂಡ ಪದಗಳು ಮೊದಲು ‘ವಿಭಾಗ’ದ ಹೆಸರಿನಲ್ಲಿದ್ದವು. ಅವಳ ಖಾತೆ ತೆರೆದ ದಿನ ನಾನು ಮಾಡಿದ ಮೊದಲ ಕೆಲಸವೆಂದರೆ ಅವುಗಳನ್ನು ಅವಳ ಹೆಸರಿಗೆ ಬದಲಿಸಿದ್ದು. ಅವಳು ಹೊರಟುಹೋಗಿ ಮೂರು ವರ್ಷಗಳಾದವು. ಪದಗಳ ಕೆಳಗೆ, ಹಾಡಿದ ಅಜ್ಜಿಯ ಹೆಸರಿನ ಪಕ್ಕದಲ್ಲಿ, ಬರೆದುಕೊಂಡವಳ ಹೆಸರು ಇಂದಿಗೂ ಇದೆ.