ಮೋಡ ಕವಿದ ದಿನದ ಈಡು

ಮಗನ ಮನೆಯಲ್ಲಿದ್ದಷ್ಟು ದಿನ ನನಗೆ ಹೊತ್ತು ಹೋಗುತ್ತಿದ್ದುದು ಪಕ್ಕದ ಮನೆ ಯಜಮಾನರಿಂದ. ಓಹಾಯೊ ರಾಜ್ಯದ ಉತ್ತರ ತುದಿ, ಈರೀ ಸರೋವರಕ್ಕೆ ಕಾರಿನಲ್ಲಿ ಹೆಚ್ಚು ದೂರವಿಲ್ಲದ ಊರು. ಯಜಮಾನರು ಕಾರ್ಖಾನೆಯಲ್ಲಿ ಡೈ ಕೊರೆಯುವ ಕೆಲಸ ಮಾಡಿ ನಿವೃತ್ತರಾದವರು. ಎತ್ತರದ ಆಳು, ಮಾತು ಕಡಿಮೆ, ಅಂಗಿ ಜೇಬಿನಲ್ಲಿ ಸದಾ ಒಂದು ಮೊಂಡು ಪೆನ್ಸಿಲು. ಹೆಸರು ಹಿಡಿದೇ ಕರೆಯಿರಿ ಎಂದು ಎಷ್ಟು ಹೇಳಿದರೂ ನನಗೆ ನಾಲಗೆ ಹೊರಳಲಿಲ್ಲ.

ಅವರ ಗ್ಯಾರೇಜಿನ ಮೂಲೆಯಲ್ಲಿ ಒಂದು ದಪ್ಪ ಮರದ ಮೇಜು, ಅದಕ್ಕೆ ಬಿಗಿದ ಕಬ್ಬಿಣದ ಪ್ರೆಸ್ಸು. ಅಲ್ಲಿ ಕೂತು ಅವರು ತಮ್ಮ ಪಿಸ್ತೂಲಿಗೆ ತಾವೇ ತೋಟಾ ತುಂಬುತ್ತಿದ್ದರು. ಹೊಡೆದು ಖಾಲಿಯಾದ ಹಿತ್ತಾಳೆ ಕೊಳವೆಗಳನ್ನು ಬಿಸಾಡುವುದಿಲ್ಲ. ಹಳೇ ಕೇಪು ಕಿತ್ತು ಹೊಸದು ಕೂರಿಸಿ, ಮದ್ದು ಹಾಕಿ, ಮೇಲೆ ಗುಂಡು ಒತ್ತಿದರೆ ಅದೇ ಕೊಳವೆ ಮತ್ತೆ ಮತ್ತೆ ಬಳಕೆಗೆ ಬರುತ್ತದೆ. ತೂಕವೆಲ್ಲ ಗ್ರೇನ್ ಲೆಕ್ಕದಲ್ಲಿ. 7000 ಗ್ರೇನ್ ಸೇರಿದರೆ ಒಂದು ಪೌಂಡು. ಚಿನಿವಾರ ಗುಲಗಂಜಿ ಇಟ್ಟು ತೂಗುವಂತೆ ಅವರು ಉಸಿರು ಬಿಗಿಹಿಡಿದು ತೂಗುತ್ತಿದ್ದರು. ಪುಸ್ತಕದಲ್ಲಿ ಅಚ್ಚಾದ ಮಿತಿಯಿಂದ ಆಚೀಚೆ ಹೋಗುವ ಮಾತೇ ಇಲ್ಲ.

ನಾನು ಮಲೆನಾಡಿನವನು, ಕೋವಿ ಕಾಣದವನಲ್ಲ. ನಮ್ಮ ದೊಡ್ಡಪ್ಪನ ಹತ್ತಿರ ಗದ್ದೆ ಕಾಯುವುದಕ್ಕೆಂದು ಲೈಸೆನ್ಸಿನ ಒಂಟಿ ನಳಿಗೆ ಕೇಪಿನ ಕೋವಿ ಇತ್ತು. ಚುನಾವಣೆ ಬಂತೆಂದರೆ ಅದನ್ನು ಒಯ್ದು ಪೊಲೀಸ್ ಠಾಣೆಯಲ್ಲಿ ಇಟ್ಟುಬರಬೇಕು. ಕಾಡುಹಂದಿಗಳಿಗೆ ಆ ವಿಷಯ ಮೊದಲೇ ತಿಳಿಯುತ್ತದೆ ಎಂದು ದೊಡ್ಡಮ್ಮ ಗೊಣಗುತ್ತಿದ್ದರು. ನಳಿಗೆ ಬಾಯಿಂದ ಮಸಿ ಸುರಿದು, ತೆಂಗಿನ ನಾರು ತುರುಕಿ, ಗಜ ಹಾಕಿ ಜಡಿದು, ಚರೆ ಬಿಟ್ಟು, ಮೇಲೆ ಮತ್ತೆ ನಾರು. ಮಳೆಗಾಲದ ತೇವಕ್ಕೆ ಎಷ್ಟೋ ಸಲ ಕೇಪು ಮಾತ್ರ ಸಿಡಿದು ಈಡು ಹೋಗುತ್ತಿರಲಿಲ್ಲ. ಆಗ ದೊಡ್ಡಪ್ಪ ಕೋವಿಯನ್ನು ಗದ್ದೆ ಕಡೆಗೇ ಹಿಡಿದು ಸುಮ್ಮನೆ ನಿಂತಿರುತ್ತಿದ್ದರು. ನಾವು ಮಕ್ಕಳು ಹತ್ತಿರ ಸುಳಿದರೆ, "ನಳಿಗೆ ಬಾಯಿಗೆ ಮುಖ ಕೊಡಬೇಡ್ರೋ!" ಎಂದು ಗದರುತ್ತಿದ್ದರು. ಇದನ್ನು ಯಾಕೆ ಹೇಳಿದೆ ಎಂದು ಮುಂದೆ ಗೊತ್ತಾಗುತ್ತದೆ.

ಯಜಮಾನರದು ಪಾಯಿಂಟ್ 45 ಪಿಸ್ತೂಲು, ಜಾನ್ ಬ್ರೌನಿಂಗ್ ರೂಪಿಸಿ 1911ರಲ್ಲಿ ಅಮೆರಿಕದ ಸೈನ್ಯ ಒಪ್ಪಿಕೊಂಡ ಮಾದರಿ. ಅವರು ಆಡುತ್ತಿದ್ದುದು ಬುಲ್ಸ್‌ಐ. ಒಂದೇ ಕೈಯಲ್ಲಿ ಹಿಡಿದು 25 ಗಜ, 50 ಗಜ ದೂರದ ಕಾಗದಕ್ಕೆ ಹೊಡೆಯುವ ಆಟ. ಈರೀ ದಂಡೆಯ ಕ್ಯಾಂಪ್ ಪೆರಿಯಲ್ಲಿ 1907ರಲ್ಲೇ ರಾಷ್ಟ್ರೀಯ ಸ್ಪರ್ಧೆ ನಡೆದಿದೆ. ಯಜಮಾನರಿಗೆ ಬೇಸಿಗೆಯ ಜಾತ್ರೆ ಎಂದರೆ ಅಲ್ಲಿನ ಸ್ಪರ್ಧೆಯೇ. ಆದರೆ ಮಣಿಕಟ್ಟಿಗೆ ಸಂಧಿವಾತ ಹಿಡಿದಿತ್ತು. ಸೈನ್ಯದ ತೋಟಾದಲ್ಲಿ 230 ಗ್ರೇನ್ ಗುಂಡು, ಸೆಕೆಂಡಿಗೆ 830 ಅಡಿಯ ಆಸುಪಾಸಿನ ವೇಗ. ಅದರ ಒದೆತ ಇನ್ನು ಆಗದು. ಹಾಗಾಗಿ 200 ಗ್ರೇನಿನ, ತುದಿ ಚಪ್ಪಟೆಯ ಗುಂಡಿಗೆ ಇಳಿದಿದ್ದರು. ಆ ಗುಂಡು ಕಾಗದವನ್ನು ಹರಿಯದೆ ದುಂಡಗೆ ತೂತು ಮಾಡುತ್ತದೆ, ಅಂಕ ಎಣಿಸುವುದು ಸುಲಭ.

ಇದರಲ್ಲಿ ಒಂದು ತೊಡಕಿದೆ ನೋಡಿ ಮಾರಾಯ್ರೆ. ಈಡಿನ ಬಲದಿಂದಲೇ ಪಿಸ್ತೂಲಿನ ಮೇಲಿನ ಸ್ಲೈಡು ಹಿಂದೆ ಸರಿಯಬೇಕು, ಖಾಲಿ ಕೊಳವೆಯನ್ನು ಹೊರಗೆಸೆದು ಮುಂದಿನ ತೋಟಾವನ್ನು ಎತ್ತಿಕೊಳ್ಳಬೇಕು. ಮದ್ದು ಕಡಿಮೆಯಾದರೆ ಕೈಗೆ ಸುಖ, ಸ್ಲೈಡಿಗೆ ಬಲ ಸಾಲದು. ಆ ಎರಡರ ನಡುವಿನ ಹದವನ್ನು ರೇಂಜಿನಲ್ಲಿ ಹೊಡೆದೇ ಹುಡುಕಬೇಕು.

ಅದಕ್ಕೆ ಅವರು ಮೋಡದ ದಿನಕ್ಕೆ ಕಾಯುತ್ತಿದ್ದರು. ವೇಗ ಅಳೆಯುವ ಕ್ರೋನೋಗ್ರಾಫಿಗೆ ಎರಡು ಬೆಳಕಿನ ಕಣ್ಣು. ಮೇಲೆ ಹಾದುಹೋಗುವ ಗುಂಡಿನ ನೆರಳನ್ನು ಒಂದಾದ ಮೇಲೊಂದು ಹಿಡಿದು, ನಡುವಿನ ಕಾಲದಿಂದ ವೇಗ ಹೇಳುತ್ತದೆ. ಸುಡುಬಿಸಿಲಿಗೆ ಕೆಲವು ಸಲ ಅದಕ್ಕೆ ದಿಕ್ಕು ತಪ್ಪುತ್ತದೆ. ಬೆಳಿಗ್ಗೆ ಎದ್ದು ಯಜಮಾನರು ಅಂಗಳದಲ್ಲಿ ನಿಂತು ಆಕಾಶ ನೋಡುವುದನ್ನು ನಮ್ಮ ಮನೆಯವಳು ಅಡುಗೆಮನೆ ಕಿಟಕಿಯಿಂದ ನೋಡಿ, "ಈ ಪುಣ್ಯಾತ್ಮ ಮಳೆಗೆ ಕಾಯ್ತಿದ್ದಾರೋ ಏನೋ" ಎನ್ನುತ್ತಿದ್ದಳು.

ಅಂತೂ ಒಂದು ದಿನ ಬೂದಿ ಬಣ್ಣದ ಮೋಡ ಮುಚ್ಚಿತು. ಶನಿವಾರವಿರಬೇಕು, ಮಗನೂ ಜೊತೆಗಿದ್ದ. ಮನೆಯವಳು ಚಿತ್ರಾನ್ನ ಕಟ್ಟಿಕೊಟ್ಟಳು. ರೇಂಜಿನಲ್ಲಿ ಕೆಂಪು ಬಾವುಟ, ಕಿವಿಗೆ ಮುಚ್ಚಳ, ಕಣ್ಣಿಗೆ ಕನ್ನಡಕ. ಗುರಿಕಾಗದ ಅಂಟಿಸಲು ಯಾರಾದರೂ ಮುಂದೆ ಹೋದರೆ ಎಲ್ಲರ ಸ್ಲೈಡೂ ತೆರೆದಿರಬೇಕು, ಯಾರೂ ಆಯುಧ ಮುಟ್ಟಕೂಡದು. ಆ ಶಿಸ್ತು ನನಗೆ ಬಹಳ ಹಿಡಿಸಿತು.

ಯಜಮಾನರು ಸಣ್ಣ ಚೀಲಗಳಲ್ಲಿ ಬೇರೆ ಬೇರೆ ಅಳತೆಯ ತೋಟಾ ತಂದಿದ್ದರು. ಹಗುರದಿಂದ ಶುರು. ಹೊಡೆಯುವುದು, ಅಂಕಿ ನೋಡುವುದು, ಪೆನ್ಸಿಲಿನಲ್ಲಿ ಬರೆಯುವುದು. ಮೊದಲ ಚೀಲದಲ್ಲಿ ಸ್ಲೈಡು ಅರ್ಧಕ್ಕೆ ನಿಂತು, ಅವರು ಎಡಗೈಯಲ್ಲಿ ಎಳೆದು ಮುಂದಿನದನ್ನು ಒಳಗೆ ಹಾಕುತ್ತಿದ್ದರು. ಕೈಗೆ ಅದೇ ರೂಢಿಯಾಗತೊಡಗಿತ್ತು. ಆಮೇಲೆ ಒಂದು ಈಡು ಟಪ್ ಅಂದಿತು, ಅಷ್ಟೆ. ಎಡಗೈ ಸ್ಲೈಡಿನ ಕಡೆಗೆ ಏಳುವುದನ್ನು ನಾನು ಕಂಡೆ. ಏಳುತ್ತಿದ್ದ ಕೈ ಅಲ್ಲೇ ನಿಂತಿತು.

ಪಿಸ್ತೂಲನ್ನು ಗುರಿಯ ಕಡೆಗೇ ಹಿಡಿದು ಅರ್ಧ ನಿಮಿಷ ನಿಂತರು. ದೊಡ್ಡಪ್ಪ ನಿಂತ ಹಾಗೆಯೇ. ಆಮೇಲೆ ಮ್ಯಾಗಜಿನ್ ತೆಗೆದು, ಸ್ಲೈಡು ತೆರೆದಿಟ್ಟು, ನಳಿಗೆಯೊಳಗೆ ತೆಳ್ಳನೆಯ ಹಿತ್ತಾಳೆ ಸರಳು ಬಿಟ್ಟರು. ನಡುದಾರಿಯಲ್ಲಿ ಅದು ತಡೆಯಿತು. ಆ ತೋಟಾದಲ್ಲಿ ಮದ್ದೇ ಬಿದ್ದಿರಲಿಲ್ಲ. ಬರೀ ಕೇಪಿನ ಬಲಕ್ಕೆ ಗುಂಡು ನಳಿಗೆಯೊಳಕ್ಕೆ ಹೋಗಿ ಸಿಕ್ಕಿಕೊಂಡಿತ್ತು. ಅದರ ಬೆನ್ನಿಗೆ ಇನ್ನೊಂದು ಹೊಡೆದಿದ್ದರೆ ನಳಿಗೆ ಉಬ್ಬಿ ಸೀಳಲೂಬಹುದಿತ್ತು. ಬೆರಳಿಗೂ ಅಪಾಯವಿತ್ತು.

"ಇವತ್ತಿಗೆ ಸಾಕು" ಎಂದರು. ಹುಲ್ಲಿನಲ್ಲಿ ಬಿದ್ದ ಖಾಲಿ ಕೊಳವೆಗಳನ್ನು ಹೆಕ್ಕಿಕೊಂಡು, ಮರದ ಬೆಂಚಿನ ಮೇಲೆ ಕೂತು ಚಿತ್ರಾನ್ನ ತಿಂದೆವು. ಕಡಲೆಬೀಜಗಳನ್ನು ಅವರು ಬದಿಗಿಟ್ಟುಕೊಂಡು ಕೊನೆಗೆ ಒಂದೊಂದಾಗಿ ತಿನ್ನುತ್ತಿದ್ದುದು ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ.

ಸಂಜೆ ಗ್ಯಾರೇಜಿನಲ್ಲಿ ಉಳಿದ ತೋಟಾಗಳನ್ನೆಲ್ಲ ಒಡೆಯಲು ಕೂತರು. ಸುತ್ತಿಗೆಯಂಥ ಪ್ಲಾಸ್ಟಿಕ್ಕಿನ ಸಲಕರಣೆ, ಅದರ ತಲೆಯೊಳಗೆ ತೋಟಾ ಇಟ್ಟು ಮರದ ಕೊರಡಿಗೆ ಕುಟ್ಟಿದರೆ ಗುಂಡು ಸಡಿಲಾಗಿ ಉದುರುತ್ತದೆ. "ತೂಕ ಹಾಕಿ ನೋಡಿದರೆ ಸಾಲದೇ ಅಂಕಲ್?" ಎಂದು ಮಗ ಕೇಳಿದ. ಸಾಲದು ಎಂದರು. ಕೊಳವೆಯ, ಗುಂಡಿನ ತೂಕದಲ್ಲೇ ಅಷ್ಟಿಷ್ಟು ಹೆಚ್ಚುಕಡಿಮೆ ಇರುತ್ತದೆ, ಚಿಟಿಕೆ ಮದ್ದಿನ ವ್ಯತ್ಯಾಸ ಅದರಲ್ಲಿ ಮುಚ್ಚಿಹೋಗುತ್ತದೆ. ತಪ್ಪಿ ಎರಡು ಸಲ ಮದ್ದು ಬಿದ್ದರೂ ಆ ಕೊಳವೆಯಲ್ಲಿ ಜಾಗ ಉಳಿಯುತ್ತದೆ, ಅದು ಇನ್ನೂ ಅಪಾಯ. ತುಂಬುವಾಗ ನಡುವೆ ಫೋನು ಬಂದಿತ್ತು, ಎದ್ದು ಹೋಗಿದ್ದೆ ಎಂದು ನೆನಪು ಮಾಡಿಕೊಂಡರು. ಬೇರೆ ಯಾವ ತೋಟಾವೂ ಖಾಲಿ ಇರಲಿಲ್ಲ. ಆದರೂ ಒಂದನ್ನೂ ಬಿಡದೆ ಒಡೆದರು. ದಿನವೆಲ್ಲ ದುಡಿದು ತುಂಬಿದ್ದನ್ನು ಹಾಗೆ ಕೂತು ಬಿಡಿಸುವ ತಾಳ್ಮೆ ನಾನು ಬಹಳ ಮಂದಿಯಲ್ಲಿ ಕಂಡಿಲ್ಲ.

ಮತ್ತೆ ಕೆಲವು ದಿನ ಬರೀ ಬಿಸಿಲು. ಈ ಸಲ ಕೊಳವೆಗಳನ್ನೆಲ್ಲ ಮರದ ಹಲಗೆಯ ಕುಳಿಗಳಲ್ಲಿ ಸಾಲಾಗಿ ನಿಲ್ಲಿಸಿ, ಗುಂಡು ಒತ್ತುವ ಮೊದಲು ಟಾರ್ಚು ಬಿಟ್ಟು ಒಂದೊಂದರ ಹೊಟ್ಟೆಯನ್ನೂ ನೋಡಿದರು. ಫೋನು ಒಳಗೆ ಹೆಂಡತಿಯ ಹತ್ತಿರ. ಮುಂದಿನ ಮೋಡದ ದಿನ ಮೂರನೇ ಚೀಲದಲ್ಲಿ ಹದ ಸಿಕ್ಕಿತು. ಸ್ಲೈಡು ಒಮ್ಮೆಯೂ ತಡೆಯಲಿಲ್ಲ, ಕಾಗದದ ಮೇಲೆ ತೂತುಗಳು ಒಂದಕ್ಕೊಂದು ಅಂಟಿಕೊಂಡು ಕೂತವು.

ನಾವು ಊರಿಗೆ ಮರಳಿದ ಮೇಲೆ ಅವರು ಕ್ಯಾಂಪ್ ಪೆರಿಗೆ ಹೋದರಂತೆ. ಫೋನಿನಲ್ಲಿ ಮಾತಿಗೆ ಸಿಕ್ಕಾಗ ಎಷ್ಟು ಅಂಕ ಬಂತು ಎಂದು ಕೇಳಿದೆ. ಅದನ್ನು ಬಿಟ್ಟು, ಪೂರ್ತಿ ಪಂದ್ಯ ಮುಗಿದರೂ ಮಣಿಕಟ್ಟು ನೋಯಲಿಲ್ಲ ಎಂದರು.