ಒಕ್ಕಲಿಲ್ಲದ ನಡುಗಡ್ಡೆ

ಊಟ ಮುಗಿಸಿ ಅಟ್ಲಾಸ್ ಬಿಡಿಸಿ ಕೂತರೆ ನನ್ನ ಬೆರಳು ತಾನಾಗಿ ಉತ್ತರಕ್ಕೆ ಸರಿಯುತ್ತದೆ, ಕೆನಡಾದ ನೆತ್ತಿಯ ಮೇಲಿರುವ ಡೆವನ್ ದ್ವೀಪಕ್ಕೆ. ಸುಮಾರು 55,000 ಚದರ ಕಿಲೋಮೀಟರ್ ನೆಲ, ಒಂದು ಒಕ್ಕಲೂ ಇಲ್ಲ. ಜನವಸತಿಯಿಲ್ಲದ ದ್ವೀಪಗಳಲ್ಲಿ ಜಗತ್ತಿಗೇ ಅದು ದೊಡ್ಡದು. 1934ರಲ್ಲಿ ಕೆಲವು ಇನುಯಿಟ್ ಕುಟುಂಬಗಳನ್ನು ಅಲ್ಲಿ ಕರೆತಂದು ಇಳಿಸಿದರು. ಎರಡು ವರ್ಷಕ್ಕೇ ಅವರೂ ಹೊರಟುಬಿಟ್ಟರು. ಆಕಾಶದಿಂದ ಬಿದ್ದ ಕಲ್ಲು ಕೊರೆದ 23 ಕಿಲೋಮೀಟರ್ ಅಗಲದ ಕುಳಿ, ಪೂರ್ವಕ್ಕೆ ಹಿಮದ ಗುಮ್ಮಟ. ಮಂಗಳಗ್ರಹದ ತಾಲೀಮು ನಡೆಸುವವರು ಹುಡುಕಿಕೊಂಡು ಹೋಗುವ ಜಾಗ ಅದು.

ಅಷ್ಟು ದೂರ ಯಾಕೆ, ನಮ್ಮ ಹೈದರಾಬಾದಿನ ಕಾಚಿಗುಡದಿಂದ ಆಟೋ ಹಿಡಿದರೆ ಟ್ಯಾಂಕ್ ಬಂಡ್. ಅಲ್ಲಿ ಹುಸೇನ್ ಸಾಗರ ಕೆರೆಯ ನಡುವೆ ಬುದ್ಧ ನಿಂತಿದ್ದಾನಲ್ಲ, ಅವನ ಪಾದದಡಿಯ ಬಂಡೆಯೂ ಒಕ್ಕಲಿಲ್ಲದ ನಡುಗಡ್ಡೆಯೇ. ಜಿಬ್ರಾಲ್ಟರ್ ಬಂಡೆ ಎಂದು ಅದರ ಹೆಸರು. ಹೈದರಾಬಾದ್ ಊರು ಹುಟ್ಟಿದ್ದು 1591ರಲ್ಲಿ. ಕೆರೆ ಅದಕ್ಕಿಂತ ಹಳೆಯದು, ಗೋಲ್ಕೊಂಡದ ಇಬ್ರಾಹಿಂ ಕುತುಬ್ ಷಾನ ಕಾಲದ್ದು. ಏರಿ ಕಟ್ಟಿದಾಗ ತಗ್ಗೆಲ್ಲ ಮುಳುಗಿತು, ಬಂಡೆ ತಲೆ ಎತ್ತಿಕೊಂಡೇ ಉಳಿಯಿತು.

ಈ ಬುದ್ಧ ವಿಗ್ರಹದ ಕಥೆ ಎಲ್ಲರಿಗೂ ಗೊತ್ತು. ಆಂಧ್ರದ ಅಂದಿನ ಮುಖ್ಯಮಂತ್ರಿ ಎನ್.ಟಿ. ರಾಮರಾವ್ ಅವರ ಕನಸು, ಗಣಪತಿ ಸ್ಥಪತಿಗಳ ಉಳಿ. 1990ರ ಮಾರ್ಚ್‌ನಲ್ಲಿ ದೋಣಿ ವಾಲಿ ವಿಗ್ರಹ ನೀರುಪಾಲಾಯಿತು, ಜೀವಗಳೂ ಹೋದವು. ಎತ್ತಿ ನಿಲ್ಲಿಸಿದ್ದು 1992ರ ಡಿಸೆಂಬರ್‌ನಲ್ಲಿ. ನನ್ನ ಮನಸ್ಸು ನಿಲ್ಲುವುದು ಮಾತ್ರ ಕಲ್ಲಿನ ಮೇಲೆ. ಆ ಬೃಹತ್ ಶಿಲೆ ಸಿಕ್ಕಿದ್ದು ಭುವನಗಿರಿ ಹತ್ತಿರದ ರಾಯಗಿರಿಯಲ್ಲಿ. ಭುವನಗಿರಿಗೆ ಹೆಸರು ಬಂದದ್ದು ತ್ರಿಭುವನಮಲ್ಲನಿಂದ, ಅಂದರೆ ನಮ್ಮ ಕಲ್ಯಾಣದ ಆರನೆಯ ವಿಕ್ರಮಾದಿತ್ಯನಿಂದ. ಅಲ್ಲಿನ ಒಂಟಿ ಬಂಡೆಯ ಮೇಲಿನ ಕೋಟೆ ಅವನದೇ. ಹೀಗೆ ಕೆರೆಯ ನಡುವೆ ಗ್ರಾನೈಟ್ ಬಂಡೆಯ ಮೇಲೆ ಗ್ರಾನೈಟ್ ಬುದ್ಧ ನಿಂತಿದ್ದಾನೆ, ಎರಡೂ ಒಂದೇ ಬಳಗ. ಹಂಪಿಯ ಗುಂಡುಗಳು, ರಾಮನಗರದ ಬೆಟ್ಟಗಳು ಇದರ ದಾಯಾದಿಗಳು. ವಯಸ್ಸು ಸುಮಾರು 250 ಕೋಟಿ ವರ್ಷ. ನೆಲದಾಳದಲ್ಲಿ ಹೆಪ್ಪುಗಟ್ಟಿದ ಈ ಕಲ್ಲು ಮೇಲಿನ ಕಲ್ಲುಮಣ್ಣು ಸವೆದುಹೋದ ಮೇಲೆ ಬಿಸಿಲು ಕಂಡಿತು. ಬಿರುಕಿನೊಳಗೆ ನೀರು ಇಳಿದು ಮೂಲೆಗಳನ್ನು ತಿಂದು ಉಂಡೆ ಕಟ್ಟಿತು. ಒಂದರ ಮೇಲೊಂದು ಇಟ್ಟಂತೆ ಕಾಣುವ ಗುಂಡುಗಳನ್ನು ಯಾರೂ ಇಟ್ಟದ್ದಲ್ಲ.

ಡೆವನ್‌ನಲ್ಲಿ ಜನರಿಲ್ಲ, ಕಲ್ಲು ಉಳಿದಿದೆ. ನಮ್ಮಲ್ಲಿ ಜನ ಬಂದರು, ಗುಡ್ಡಗಳು ಜಲ್ಲಿಯಾದವು. ಇಂಥ ಬಂಡೆಗಳನ್ನು ಉಳಿಸಲೆಂದೇ ಹೈದರಾಬಾದಿನಲ್ಲಿ 1996ರಲ್ಲಿ ಒಂದು ಸಂಘ ಹುಟ್ಟಿತು. ನಿಮ್ಮ ಬಡಾವಣೆಯಲ್ಲೂ ಒಂದು ಗುಂಡು ಉಳಿದಿರಬಹುದು. ಸಿಡಿಮದ್ದಿನವರು ಬರುವ ಮುನ್ನ ನೆರೆಹೊರೆಯವರನ್ನು ಸೇರಿಸಿ, ಅದನ್ನು ಉಳಿಸಿಕೊಳ್ಳಿ.