ಕೀಲಿಗೊಂದು ತಾಯಿಹಲಗೆ

ಗಣಕಯಂತ್ರದ ಅವಯವಗಳಿಗೆ ನಾಮಕರಣ ಮಾಡಿದವರು ಕುಟುಂಬವತ್ಸಲರಾಗಿರಬೇಕು. ಎಲ್ಲ ಭಾಗಗಳನ್ನೂ ಮಡಿಲಲ್ಲಿ ಕೂರಿಸಿಕೊಳ್ಳುವ ದೊಡ್ಡ ಹಲಗೆಗೆ ‘ಮದರ್‌ಬೋರ್ಡು’ ಎಂದರು. ಅದಕ್ಕೆ ಆತುಕೊಂಡು ನಿಲ್ಲುವ ಚಿಕ್ಕ ಹಲಗೆಗೆ ‘ಡಾಟರ್‌ಬೋರ್ಡು’ ಎಂದರು. ತಂದೆಗೆ ಮಾತ್ರ ಈ ಸಂಸಾರದಲ್ಲಿ ಸ್ಥಾನವಿಲ್ಲ. ಆತ ಪ್ರಾಯಶಃ ಅಂಗಡಿಯ ಗಲ್ಲೆಯ ಮುಂದೆ ಹಣ ಎಣಿಸುತ್ತ ನಿಂತಿರುವವನೇ ಇರಬೇಕು.

ಈ ಕಾಲದಲ್ಲಿ ತಾಯಿಹಲಗೆಯನ್ನು ಆರಿಸುವ ಪ್ರಮೇಯ ಬಹಳ ಜನರಿಗೆ ಬರುವುದಿಲ್ಲ. ಲ್ಯಾಪ್‌ಟಾಪು ಕೊಳ್ಳುವವನು ಅದರ ಮುಖ ನೋಡುತ್ತಾನೆ, ಬೆಲೆ ಕೇಳುತ್ತಾನೆ, ಕೊಳ್ಳುತ್ತಾನೆ; ಒಳಗಿರುವ ಹಲಗೆ ಯಾವುದೆಂಬುದು ಆತನಿಗೆ ಜನ್ಮಾಂತರದಲ್ಲಿಯೂ ತಿಳಿಯಬೇಕಾದ ಕಾರಣವಿಲ್ಲ. ಆದರೆ ಇಪ್ಪತ್ತೈದು ವರ್ಷದ ಹಿಂದಿನ ಯಂತ್ರವೊಂದನ್ನು ಮತ್ತೆ ಎಬ್ಬಿಸಿ ನಿಲ್ಲಿಸಬೇಕಾದವನು ಹಲಗೆಯಿಂದಲೇ ಆರಂಭಿಸಬೇಕು. ಕಳೆದ ಬೇಸಿಗೆಯಲ್ಲಿ ಆ ಕೆಲಸ ನನ್ನ ಪಾಲಿಗೆ ಬಂತು. ಕಲಾ ವಿಭಾಗದ ವಿದ್ಯಾರ್ಥಿಗೆ ಇದೆಂಥ ಉಸಾಬರಿ ಎಂದು ಮಿತ್ರರು ನಕ್ಕರು. ಕಾರಣ ಕೇಳಿದ ಮೇಲೆ ಅವರಲ್ಲಿ ಮೂವರು ನನ್ನ ಜೊತೆಗೂಡಿದರು.

ಭಾಲ್ಕಿಯಲ್ಲಿ ನಮ್ಮ ಕಾಕಾ ಒಂದು ಡಿ.ಟಿ.ಪಿ. ಅಂಗಡಿ ನಡೆಸುತ್ತಿದ್ದರು. 2000ದಲ್ಲಿ ನಮ್ಮ ಆಯಿಯ ಬೋರಮಾಳ ಅಡವಿಟ್ಟು ಗಣಕ ತಂದರು. ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ಚುನಾವಣೆಯ ಚೀಟಿ ಮಾಡಿ ಬೋರಮಾಳ ಬಿಡಿಸಿಕೊಂಡರು. 2001ರಲ್ಲಿ ಔರಾದ ತಾಲ್ಲೂಕಿನ ಒಬ್ಬ ನಿವೃತ್ತ ಮಾಸ್ತರರು ಅವರ ಬಳಿ ಬಂದು, ಹಳ್ಳಿಯ ಹೆಣ್ಣುಮಕ್ಕಳ ಬಾಯಿಂದ ತಾವು ಬರೆದುಕೊಂಡ ಬೀಸುವ ಪದಗಳ ನೋಟುಬುಕ್ಕುಗಳನ್ನು ಕೊಟ್ಟು, ಮುಂಗಡವೆಂದು ಐದು ನೂರು ರೂಪಾಯಿಯನ್ನೂ ಕೊಟ್ಟರು. ಕಾಕಾ ಎಲ್ಲವನ್ನೂ ಟೈಪು ಮಾಡಿದರು. ಅಚ್ಚಿಗೆ ಹಣ ಕೂಡಲಿಲ್ಲ. ಮಾಸ್ತರರು ತೀರಿಕೊಂಡರು; ನೋಟುಬುಕ್ಕುಗಳು ಮಳೆಯ ನೀರಿಗೂ ಗೆದ್ದಲಿಗೂ ಹೋದವು. ಪದ ಹೇಳಿದ ಮುದುಕಿಯರಲ್ಲಿ ಯಾರೂ ಈಗಿಲ್ಲ. ಅಂಗಡಿಯೂ ಮುಚ್ಚಿತು. ಉಳಿದದ್ದು ಕಾಕಾರ ಟ್ರಂಕಿನಲ್ಲಿದ್ದ ಹನ್ನೊಂದು ಫ್ಲಾಪಿ, ಒಂದು ಸಿ.ಡಿ., ಮತ್ತು ಬೆಂಕಿಪೆಟ್ಟಿಗೆಯಷ್ಟು ಗಾತ್ರದ ಒಂದು ಕೀಲಿ.

ಕಳೆದ ವರ್ಷ ಮಾಸ್ತರರ ಮಗಳು ಔರಾದಿನಿಂದ ಬಸ್ಸು ಹತ್ತಿ ಬಂದು, “ಅಣ್ಣಾ, ಅಪ್ಪನ ಹಾಡು ನಿಮ್ಮ ಹಂತ್ಯಾಕ ಅವ ಏನ್ರಿ?” ಎಂದು ಕೇಳಿದರು. ಕಾಕಾ ಆ ರಾತ್ರಿ ಊಟ ಸರಿಯಾಗಿ ಮಾಡಲಿಲ್ಲವೆಂದು ಕಾಕಿ ಹೇಳಿದರು. ಐದು ನೂರು ರೂಪಾಯಿಯ ಲೆಕ್ಕ ಅವರ ಮನಸ್ಸಿನಲ್ಲಿ ಹಾಗೆಯೇ ಇತ್ತು.

ಇಲ್ಲಿ ಆ ಕೀಲಿಯ ವಿಷಯವನ್ನು ತುಸು ವಿಸ್ತಾರವಾಗಿ ಹೇಳದೆ ಗತಿಯಿಲ್ಲ. ಆಗಿನ ಗಣಕದಲ್ಲಿ ಕನ್ನಡ ಅಕ್ಷರಗಳಿಗೆ ಸ್ವಂತ ಮನೆಯಿರಲಿಲ್ಲ. ಇಂಗ್ಲಿಷ್ ಅಕ್ಷರಗಳ ಮನೆಯಲ್ಲಿ ಬಾಡಿಗೆಗಿದ್ದವು. ‘ಕ’ದ ತಲೆಕಟ್ಟು ಒಂದು ಕೋಣೆಯಲ್ಲಿ, ಒತ್ತು ಇನ್ನೊಂದರಲ್ಲಿ, ಕೊಂಬು ಮತ್ತೊಂದರಲ್ಲಿ. ಯಾವ ತುಂಡು ಯಾವ ಕೋಣೆಯಲ್ಲಿ ಎಂಬುದನ್ನು ಪ್ರತಿಯೊಂದು ತಂತ್ರಾಂಶದವರೂ ತಮಗೆ ತೋಚಿದಂತೆ ನಿಶ್ಚಯಿಸಿದ್ದರು. ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನವರ ಶ್ರೀಲಿಪಿ, ಸಿ-ಡ್ಯಾಕ್‌ನವರ ಐ.ಎಸ್.ಎಂ., 1998ರಲ್ಲಿ ಬಂದ ಬರಹ, ಆಮೇಲೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವೆಲ್ಲ ಆ ಕಾಲದಲ್ಲಿ ಕನ್ನಡಕ್ಕೆ ದುಡಿದವುಗಳೇ. ಆದರೆ ಒಂದರ ಬರೆಹ ಇನ್ನೊಂದಕ್ಕೆ ಸುಲಭವಾಗಿ ತಿಳಿಯುತ್ತಿರಲಿಲ್ಲ. ಯೂನಿಕೋಡಿನ ಮೊದಲ ಆವೃತ್ತಿಯಲ್ಲಿಯೇ, ಅಂದರೆ 1991ರಲ್ಲಿಯೇ, ಕನ್ನಡಕ್ಕೆ ಸ್ವಂತ ನಿವೇಶನ ಸಿಕ್ಕಿತ್ತು ನಿಜ. ಆದರೆ ವಿಂಡೋಸಿನಲ್ಲಿ ಅದು ನೆಲೆಗೊಂಡದ್ದು 2001ರ ಎಕ್ಸ್.ಪಿ.ಯಿಂದ. ಭಾಲ್ಕಿಯ ಅಂಗಡಿಯಲ್ಲಿದ್ದದ್ದು ವಿಂಡೋಸ್ 98.

ಹಣ ಕೊಟ್ಟು ಕೊಳ್ಳಬೇಕಾದ ಇಂಥ ತಂತ್ರಾಂಶಗಳನ್ನು ಕಳ್ಳಪ್ರತಿಯಿಂದ ಕಾಯಲು ಒಂದು ಉಪಾಯವಿತ್ತು: ಗಣಕದ ಬೆನ್ನಿಗಿರುವ ಪ್ರಿಂಟರಿನ ಬಾಯಿಗೆ ಒಂದು ಕೀಲಿ ಹಾಕಬೇಕು. ಅದರ ಒಂದು ಬದಿಗೆ 25 ಮುಳ್ಳು, ಇನ್ನೊಂದು ಬದಿಗೆ 25 ತೂತು. ಪ್ರಿಂಟರಿನ ತಂತಿಯನ್ನು ಈ ಕೀಲಿಯ ಬೆನ್ನಿಗೆ ಸಿಕ್ಕಿಸಬೇಕು. ತಂತ್ರಾಂಶ ಎಚ್ಚರವಾದೊಡನೆ ಕೀಲಿಯನ್ನು ಕರೆದು ಮಾತಾಡಿಸುತ್ತದೆ. ಉತ್ತರ ಬಾರದಿದ್ದರೆ ಬಾಗಿಲು ತೆರೆಯುವುದಿಲ್ಲ. ಮಾಸ್ತರರ ಪದಗಳು ಇನ್ನೂ ಪೇಜ್‌ಮೇಕರಿಗೆ ಹೋಗಿರಲಿಲ್ಲ; ತಂತ್ರಾಂಶದ ಸ್ವಂತ ರೂಪದಲ್ಲಿಯೇ ಉಳಿದಿದ್ದವು. ಯು.ಎಸ್.ಬಿ. ಫ್ಲಾಪಿ ಡ್ರೈವಿನಿಂದ ಅವನ್ನು ಲ್ಯಾಪ್‌ಟಾಪಿಗೆ ಇಳಿಸಿದೆವು. ಹನ್ನೊಂದರಲ್ಲಿ ಒಂಬತ್ತು ಒಲಿದವು. ತೆರೆದು ನೋಡಿದರೆ ಪುಟದ ತುಂಬ ಪ್ರಶ್ನಾರ್ಥಕ ಚಿಹ್ನೆ, ನಕ್ಷತ್ರ, ತಲೆಯ ಮೇಲೆ ಚುಕ್ಕೆ ಹೊತ್ತ ಪರದೇಶದ ಅಕ್ಷರಗಳು!

ವಿಜ್ಞಾನ ಬಲ್ಲ ಮಿತ್ರನೊಬ್ಬ, “ಲ್ಯಾಪ್‌ಟಾಪಿನೊಳಗೇ ಒಂದು ಮಾಯಾ ಗಣಕ ಮಾಡಿ ಅದರಲ್ಲಿ ವಿಂಡೋಸ್ 98 ಹಾಕು” ಎಂದ. ಮಾತು ಯುಕ್ತವಾದದ್ದೇ. ಕಾಕಾ ಸುಮ್ಮನೆ ಕೀಲಿಯನ್ನು ಮೇಜಿನ ಮೇಲಿಟ್ಟು, “ಇದನ್ನ ಎಲ್ಲಿ ಹಾಕ್ತಿ, ತಮ್ಮಾ?” ಎಂದು ಕೇಳಿದರು. ಲ್ಯಾಪ್‌ಟಾಪಿಗೆ ಆ ಬಾಯಿಯೇ ಇಲ್ಲ. ಯು.ಎಸ್.ಬಿ.ಯಿಂದ ಪ್ರಿಂಟರಿಗೆ ಹೋಗುವ ತಂತಿ ಸಿಗುತ್ತದೆ. ಆದರೆ ಅದು ಅಚ್ಚಿನ ಮಾತನ್ನಷ್ಟೇ ಸಾಗಿಸುತ್ತದೆ, ಕೀಲಿಯೊಡನೆ ನೇರ ಸಂಭಾಷಣೆ ಅದಕ್ಕೆ ಬಾರದು. ಹಲಗೆಗೆ ಆಮೇಲೆ ಸಿಕ್ಕಿಸುವ ಪಿ.ಸಿ.ಐ. ಕಾರ್ಡುಗಳು ಬೇರೆ ವಿಳಾಸದಲ್ಲಿ ವಾಸಿಸುತ್ತವೆ. ಹಳೆಯ ತಂತ್ರಾಂಶಗಳು ಬಹುಮಟ್ಟಿಗೆ 378 ಎಂಬ ಹಳೆಯ ವಿಳಾಸಕ್ಕೇ ಹೋಗಿ ಕದ ತಟ್ಟುತ್ತವೆ. ಆದುದರಿಂದ ಹುಟ್ಟಿನಿಂದಲೇ ಬೆನ್ನಿನಲ್ಲಿ 25 ತೂತಿನ ಬಾಯಿ ಇರುವ ಹಲಗೆಯೇ ಬೇಕಾಯಿತು. ಬಿದರಿ ಕೆಲಸದವರು ಕಪ್ಪು ಹಿಡಿಸಲು ಕೋಟೆಯ ಹಳೆಯ ಮಣ್ಣೇ ಬೇಕೆನ್ನುತ್ತಾರಲ್ಲ, ಅದು ಹಟವಲ್ಲ. ಬೇರೆ ಮಣ್ಣಿಗೆ ಆ ಗುಣವಿಲ್ಲ. ನಮ್ಮದೂ ಅದೇ ಸ್ಥಿತಿ.

ಕಾಕಾರ ಹಳೆಯ ಹಲಗೆ ಸತ್ತಿತ್ತು. ಮುಚ್ಚಳ ತೆಗೆದಾಗ ಕೆಪಾಸಿಟರುಗಳ ತಲೆ ಉಬ್ಬಿ ಒಡೆದಿದ್ದವು. 2000ದ ಆಚೀಚಿನ ವರ್ಷಗಳಲ್ಲಿ ತಯಾರಾದ ಬಹಳ ಹಲಗೆಗಳಿಗೆ ಈ ರೋಗ ತಗಲಿತ್ತಂತೆ: ಒಳಗಿನ ದ್ರವ ಕೆಟ್ಟು ಅನಿಲವಾಗುತ್ತದೆ, ಡಬ್ಬಿ ಉಬ್ಬುತ್ತದೆ, ಕೊನೆಗೆ ಸೋರುತ್ತದೆ. ಇಲ್ಲಿ ಸೋರಿದ್ದು ತಾಮ್ರದ ಗೆರೆಗಳನ್ನೂ ತಿಂದುಹಾಕಿತ್ತು. ಹಾರ್ಡ್‌ಡಿಸ್ಕು ಟಿಕ್ ಟಿಕ್ ಎನ್ನುವುದರ ಹೊರತು ಬೇರೇನನ್ನೂ ಹೇಳಲಿಲ್ಲ. ಆದರೆ ಸೆಲೆರಾನ್ ಪ್ರೊಸೆಸರು, ಮೆಮೊರಿ, ಫ್ಲಾಪಿ ಡ್ರೈವು ಮತ್ತು ಎಸ್.ಎಂ.ಪಿ.ಎಸ್. ಜೀವಂತವಾಗಿದ್ದವು. ಕ್ಯಾಬಿನೆಟ್ಟು ಮಾನಿಟರಿನ ಕೆಳಗೆ ಅಡ್ಡ ಮಲಗುವ ಜಾತಿಯದು, ತೀರ ಚಿಕ್ಕದು. ಅದನ್ನು ಬಿಟ್ಟು ದೊಡ್ಡದೊಂದನ್ನು ತಂದರಾಯಿತೆಂದೆ. “ಆ ಡಬ್ಬಿ ಬದಲಿ ಮಾಡಬ್ಯಾಡ. ನಮ್ಮ ಅವ್ವನ ಬೋರಮಾಳ ಅದ ಅದರಾಗ” ಎಂದರು ಕಾಕಾ. ಅಲ್ಲಿಗೆ ಆ ಚರ್ಚೆ ಮುಗಿಯಿತು.

ಇನ್ನು ಆಯ್ಕೆಯ ಮಾತು. ಲಗ್ನಕ್ಕೆ ಜಾತಕ ಕೂಡಿಸುವವರಿಗೂ ಇಷ್ಟು ಸಂಕಟವಿರಲಾರದು. ಹಲಗೆಗಳಲ್ಲಿ ಅಳತೆಯ ಜಾತಿಗಳಿವೆ. 1995ರ ಎ.ಟಿ.ಎಕ್ಸ್. 12 ಅಂಗುಲ ಉದ್ದ, 9.6 ಅಂಗುಲ ಅಗಲ. 1997ರಲ್ಲಿ ಬಂದ ಮೈಕ್ರೋ ಎ.ಟಿ.ಎಕ್ಸ್. ಎರಡೂ ಕಡೆ 9.6, ವಿಯಾ ಕಂಪೆನಿಯವರು 2001ರಲ್ಲಿ ತಂದ ಮಿನಿ ಐ.ಟಿ.ಎಕ್ಸ್. ಕೇವಲ 17 ಸೆಂಟಿಮೀಟರಿನ ಚೌಕ. ನಮ್ಮ ಡಬ್ಬಿಗೆ ಮೊದಲನೆಯದು ಹಿಡಿಸದು. ಹಳೆಯ ಆಟಗಳ ವ್ಯಸನಿಗಳು 1998ರ ಇಂಟೆಲ್ 440 ಬಿ.ಎಕ್ಸ್. ಹಲಗೆಗಳೆಂದರೆ ಕೈಮುಗಿಯುತ್ತಾರೆ, ಅವುಗಳಲ್ಲಿ ಹಳೆಯ ಧ್ವನಿಕಾರ್ಡಿಗೆ ಬೇಕಾದ ಐ.ಎಸ್.ಎ. ಸೀಳು ಇರುತ್ತದೆಂದು. ನಮಗೆ ಆಟ ಬೇಡ, ಹಾಡು ಬೇಕು. ಮೇಲಾಗಿ ಅವು ಹೆಚ್ಚಾಗಿ ಉದ್ದನೆಯವೇ. ಮಿನಿ ಐ.ಟಿ.ಎಕ್ಸ್. ಚೆಂದದ ವಸ್ತು, ಆದರೆ ಆ ಕಾಲದ್ದು ನಮ್ಮ ಕಡೆ ಸಿಗಲಿಲ್ಲ. ಕಾರ್ಖಾನೆಗಳಿಗೆಂದು ಈಚೆಗೆ ಮಾಡುವವುಗಳಲ್ಲಿ ಕೆಲವಕ್ಕೆ ಪ್ರಿಂಟರಿನ ಬಾಯಿ ಇದ್ದರೂ ವಿಂಡೋಸ್ 98ರ ಭಾಷೆ ಅವಕ್ಕೆ ಬರುವುದಿಲ್ಲ.

ಸಿಕಂದರಾಬಾದಿನ ಚೆನಾಯ್ ಟ್ರೇಡ್ ಸೆಂಟರಿನ ಹೆಸರನ್ನು ಗಣಕದವರೆಲ್ಲ ಬಲ್ಲರು. ಅದರ ಆಸುಪಾಸಿನ ಒಂದು ಸಣ್ಣ ಅಂಗಡಿಯಲ್ಲಿ ಹಳೆಯ ಹಲಗೆಗಳು ರೊಟ್ಟಿಯಂತೆ ಒಂದರ ಮೇಲೊಂದು ಒಟ್ಟಿದ್ದವು. ಅಂಗಡಿಯ ಯಜಮಾನರು ದಕ್ಖನಿಯಲ್ಲಿ ಬಹಳ ಪ್ರೀತಿಯಿಂದ ಮಾತಾಡಿಸಿ, ಪೆಂಟಿಯಂ 4ಕ್ಕೆ ಹೊಂದುವ 845ರ ಹಲಗೆಯೊಂದನ್ನು ಒರೆಸಿ ಮುಂದಿಟ್ಟರು. ಮೈಕ್ರೋ ಅಳತೆ, ಪ್ರಿಂಟರಿನ ಬಾಯಿ, ಫ್ಲಾಪಿಯ ಕೊಂಡಿ, 98ರ ಚಾಲಕ ತಂತ್ರಾಂಶ, ಎಲ್ಲವೂ ಉಂಟು. ಅದಕ್ಕಿಂತ ಮುಂದಿನ 915 ತೆಗೆದುಕೊಂಡರೆ, ಅದರ ಚಿತ್ರಭಾಗಕ್ಕೆ ಇಂಟೆಲ್‌ನವರು 98ರ ಚಾಲಕವನ್ನು ಕೊಡಲಿಲ್ಲ. ಆದುದರಿಂದ ಈ 845 ಗಡಿಯೊಳಗಿನದು. ನನ್ನ ಕೈ ಜೇಬಿಗೆ ಹೋಗಿತ್ತು. ಆಗ ಹಲಗೆಯ ಮೂಲೆಯಲ್ಲಿ ನಾಲ್ಕು ತೂತಿನ ಚೌಕ ಕೊಂಡಿ ಕಂಡಿತು. ಪೆಂಟಿಯಂ 4ರ ಹಲಗೆ ತನ್ನ ಪ್ರೊಸೆಸರಿಗೆ ಆಹಾರವನ್ನು 12 ವೋಲ್ಟಿನ ಪ್ರತ್ಯೇಕ ತಂತಿಯಿಂದ ಕೇಳುತ್ತದೆ. ಕಾಕಾರ ಎಸ್.ಎಂ.ಪಿ.ಎಸ್. ಹಿಂದಿನ ತಲೆಮಾರಿನದು, ಅದರ ಬಲವೆಲ್ಲ 5 ಮತ್ತು 3.3 ವೋಲ್ಟಿನಲ್ಲಿ. ಬದಲಿ ತಂತಿಯೊಂದನ್ನು ಕೊಡುತ್ತೇನೆಂದರು ಯಜಮಾನರು. ತಂತಿ ಬಾಯಿಯನ್ನು ಹೊಂದಿಸೀತು, ಬಲವನ್ನು ಎಲ್ಲಿಂದ ತಂದೀತು? ಹೊಸ ಎಸ್.ಎಂ.ಪಿ.ಎಸ್. ತರೋಣವೆಂದರೆ ಈಗಿನ ಸಾಮಾನ್ಯ ಅಳತೆಯದು ಆ ಚಿಕ್ಕ ಡಬ್ಬಿಯಲ್ಲಿ ಕೂಡುವುದಿಲ್ಲ.

ಹೀಗೆ ಡಬ್ಬಿ ಎಸ್.ಎಂ.ಪಿ.ಎಸ್.ನ್ನು ಗೊತ್ತುಮಾಡಿತು, ಎಸ್.ಎಂ.ಪಿ.ಎಸ್. ಹಲಗೆಯನ್ನು ಗೊತ್ತುಮಾಡಿತು. ಒಟ್ಟಿಲಿನ ತಳದಲ್ಲಿ ಧೂಳು ತಿಂದು ಬಿದ್ದಿದ್ದ, ಸಾಕೆಟ್ 370ರ, 810 ಚಿಪ್‌ಸೆಟ್ಟಿನ ಹಲಗೆಯೇ ನಮಗೆ ವಿಧಿಸಿದ್ದೆಂದು ಖಚಿತವಾಯಿತು. 1999ರ ಈ ಚಿಪ್‌ಸೆಟ್ಟು ವೇಗದಲ್ಲಿ ಬಡವ, 512 ಎಂ.ಬಿ.ಗಿಂತ ಹೆಚ್ಚು ಮೆಮೊರಿ ಒಪ್ಪುವುದಿಲ್ಲ. ವಿಂಡೋಸ್ 98ಕ್ಕೆ ಅದಕ್ಕಿಂತ ಹೆಚ್ಚು ಕೊಟ್ಟರೆ ಅಜೀರ್ಣವಾಗುವ ಸಂಭವವೇ ಹೆಚ್ಚಾದುದರಿಂದ ಅದೊಂದು ಕೊರತೆಯಲ್ಲ. ಕಾಕಾರ ಪ್ರೊಸೆಸರು, ಮೆಮೊರಿ ಎರಡೂ ಅದಕ್ಕೆ ಹೊಂದುತ್ತವೆ. ಹಲಗೆಯನ್ನು ತಿರುವಿ ಬೆನ್ನು ನೋಡಿದೆ: ಕೆನ್ನೀಲಿ ಬಣ್ಣದ 25 ತೂತಿನ ಬಾಯಿ ನೆಟ್ಟಗಿತ್ತು. ಎರಡು ಕೆಪಾಸಿಟರುಗಳ ತಲೆ ಮಾತ್ರ ತುಸು ಉಬ್ಬಿತ್ತು. ಯಜಮಾನರು ತಾವೇ ಅದನ್ನು ತೋರಿಸಿ ಬೆಲೆ ಇಳಿಸಿದರು. ಥಳಥಳಿಸುವ 845ನ್ನು ಬಿಟ್ಟು ಈ ರೋಗಿಯನ್ನು ಆರಿಸಿದ್ದು ಅವರಿಗೆ ಸೋಜಿಗವಾದಂತಿತ್ತು. ಹೊರಡುವಾಗ ಚಹಾ ಕುಡಿಸಿದರು.

ಭಾಲ್ಕಿಯಲ್ಲಿ ಹಿಂದೆ ರೇಡಿಯೋ, ಆಮೇಲೆ ಟಿ.ವಿ. ದುರಸ್ತಿ ಮಾಡುತ್ತಿದ್ದ ಹಿರಿಯರೊಬ್ಬರಿದ್ದಾರೆ. ಅವರು ಕನ್ನಡಕ ಏರಿಸಿ, 6.3 ವೋಲ್ಟಿನ, 1000 ಮೈಕ್ರೋಫ್ಯಾರಡಿನ ಆ ಎರಡನ್ನು ಕಿತ್ತು ಹೊಸವನ್ನು ಬೆಸೆದರು. ವೋಲ್ಟು ಹೆಚ್ಚಿನದಾದರೆ ಚಿಂತೆಯಿಲ್ಲ, ಕಡಿಮೆಯದನ್ನು ಎಂದೂ ಹಾಕಬಾರದು. 105 ಡಿಗ್ರಿ ತಾಳುವಂಥದಿರಬೇಕು. ಋಣದ ಗೆರೆ ಯಾವ ಕಡೆಗಿದೆಯೆಂಬುದನ್ನು ಎರಡು ಸಲ ನೋಡಬೇಕು. ಹೀಗೆ ಪಾಠ ಹೇಳುತ್ತ ಹೇಳುತ್ತ ಕೆಲಸ ಮುಗಿಸಿದರು. ಹಾರ್ಡ್‌ಡಿಸ್ಕಿನ ಜಾಗಕ್ಕೆ 8 ಜಿ.ಬಿ.ಯ ಕಾಂಪ್ಯಾಕ್ಟ್ ಫ್ಲ್ಯಾಶ್ ಕಾರ್ಡನ್ನು ಹಾಕಿದೆವು, 32 ಜಿ.ಬಿ. ದಾಟಿದರೆ ಆ ಕಾಲದ ಅನೇಕ ಬಯಾಸುಗಳು ತಡವರಿಸುತ್ತವೆ. ಹಲಗೆಯ ಮೇಲಿನ ನಾಣ್ಯದಂಥ ಬ್ಯಾಟರಿಯನ್ನು ಬದಲಿಸಿದೆವು. ಬಯಾಸಿನಲ್ಲಿ ಪ್ರಿಂಟರಿನ ಬಾಯಿಗೆ 378ರ ವಿಳಾಸವನ್ನೇ ಕೊಟ್ಟೆವು.

ಕೀಲಿ ಹಾಕಿದವರು ಕಾಕಾ. ತಂತ್ರಾಂಶ ಒಂದು ಕ್ಷಣ ಯೋಚಿಸಿ ಬಾಗಿಲು ತೆರೆಯಿತು. ನಕ್ಷತ್ರ ಚುಕ್ಕೆಗಳಿದ್ದ ಜಾಗದಲ್ಲಿ ಕನ್ನಡ ಕಂಡಿತು. ಕಾಕಾ ಮೊದಲು ನೋಡಿದ್ದು ತಮ್ಮದೇ ಟೈಪಿನ ತಪ್ಪನ್ನು. “ಇಲ್ಲಿ ದೀರ್ಘ ಬಿಟ್ಟದ” ಎಂದರು, ಮತ್ತೆ ಮಾತಾಡಲಿಲ್ಲ.

ಕೀಲಿಯ ಬೆನ್ನಿಗೆ ಪ್ರಿಂಟರು ಸಿಕ್ಕಿಸಿ 138 ಪುಟ ಅಚ್ಚು ತೆಗೆದೆವು. ಈಗ ನಾವು ನಾಲ್ವರು ಅದನ್ನು ನುಡಿಯಲ್ಲಿ, ಯೂನಿಕೋಡಿನಲ್ಲಿ, ಮತ್ತೆ ಟೈಪು ಮಾಡುತ್ತಿದ್ದೇವೆ. ಕರಡು ನೋಡುವವರು ಮಾಸ್ತರರ ಮಗಳು. ಅವರಿಗೆ ಪದವನ್ನು ಸುಮ್ಮನೆ ಓದಲು ಬಾರದು, ಹಾಡಿಯೇ ಓದಬೇಕು. ಹಾಡಿದಾಗ ಎಲ್ಲಿ ಎಡವುತ್ತಾರೋ ಅಲ್ಲಿ ಅಕ್ಷರ ತಪ್ಪಿದೆಯೆಂದು ಅರ್ಥ. ಔರಾದಿನ ಕಡೆಯ ಮರಾಠಿ, ಉರ್ದು ಬೆರೆತ ಮಾತುಗಳನ್ನು ಕಾಕಾ ಅಂದು ಪುಸ್ತಕದ ಕನ್ನಡಕ್ಕೆ ತಿದ್ದಿದ್ದ ಕಡೆಗಳೆಲ್ಲ ಹೀಗೆ ಸಿಕ್ಕಿಬೀಳುತ್ತಿವೆ. ಇದುವರೆಗೆ 96 ಪುಟ ಆಗಿದೆ. ಓದಲಾರದೆ ಉಳಿದ ಎರಡು ಫ್ಲಾಪಿಗಳನ್ನು ಕಾಕಾರ ಹಳೆಯ ಡ್ರೈವಿನಲ್ಲಿ ಇನ್ನೊಮ್ಮೆ ಪ್ರಯತ್ನಿಸಬೇಕಾಗಿದೆ. ನುಡಿಯಲ್ಲಿ ಬೇಗ ಟೈಪು ಮಾಡಬಲ್ಲವರು ನಮ್ಮ ಕಾಲೇಜಿನಲ್ಲಿ ಯಾರಾದರೂ ಇದ್ದರೆ, ಶನಿವಾರ ಮಧ್ಯಾಹ್ನ ಗ್ರಂಥಾಲಯದ ಮಗ್ಗುಲಿನ ಕೋಣೆಗೆ ಬರಬಹುದು.